ಅತ್ತೂರಿನ ಜಾತ್ರೆಯೂ ಭಾನುವಾರದ ಚರ್ಚೂ

ಕ್ರಿ.ಶ. 258ರಲ್ಲಿ ರೋಮಿನಲ್ಲಿ ಹುತಾತ್ಮರಾದ ಸಂತ ಲಾರೆನ್ಸರ ಸ್ಮರಣೆಯ ದಿನ ಆಗಸ್ಟ್ 10. ಆದರೆ ಕಾರ್ಕಳದ ಬಳಿಯ ಅತ್ತೂರಿನಲ್ಲಿ ಅವರ ಹೆಸರಿನ ಸಾಂತ್‌ಮಾರಿ ಜಾತ್ರೆ ನಡೆಯುವುದು ಜನವರಿಯಲ್ಲಿ. ಆಗಸ್ಟೆಂದರೆ ಕರಾವಳಿಗೆ ಜಡಿಮಳೆ. ಜನವರಿಗೆ ಕೊಯ್ಲು ಮುಗಿದು, ದಾರಿ ಒಣಗಿ, ಜನರಿಗೆ ಬಿಡುವು ಸಿಕ್ಕಿರುತ್ತದೆ. ನಮ್ಮ ಬಾದಾಮಿಯ ಬನಶಂಕರಿ ತೇರು ಎಳೆಯುವ ಬನದ ಹುಣ್ಣಿಮೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಸಂತರು ರೋಮಿನವರಾದರೂ ಜಾತ್ರೆಯ ಕಾಲ ಈ ನೆಲದ ರೈತನ ಬದುಕಿಗೆ ಒಪ್ಪುವಂಥದ್ದು. ಹಾಗಾಗಿ ಕ್ರೈಸ್ತ ಯಾತ್ರಾಸ್ಥಳವನ್ನು ಪರದೇಶದ ಸಂಗತಿ ಎಂದು ನೋಡುವುದು ತಪ್ಪು, ಬರೀ ಪವಾಡದ ತಾಣ ಎಂದು ನೋಡುವುದೂ ತಪ್ಪು. ಅದನ್ನು ಹೊತ್ತು ನಿಂತಿರುವುದು ಊರಿನ ಧರ್ಮಕೇಂದ್ರದ, ಅಂದರೆ ಆ ಊರಿನ ಚರ್ಚು ಮತ್ತು ಅದರ ಜನರ, ವರ್ಷವಿಡೀ ನಡೆಯುವ ದುಡಿಮೆ.

ಅತ್ತೂರಿನ ಇತಿಹಾಸವೇ ಇದಕ್ಕೆ ಸಾಕ್ಷಿ. 1759ರಲ್ಲಿ ಆರಂಭವಾದ ಈ ಚರ್ಚು, 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಹಾಳಾಯಿತು. 1799ರ ಬಳಿಕ ಮರಳಿ ಬಂದವರು ಮತ್ತೆ ಕಟ್ಟಿಕೊಂಡರು. ಹೊತ್ತು ತಂದ ಸಂತರ ಮರದ ಪ್ರತಿಮೆಯನ್ನು ಒರತೆಯೊಂದರ ಬಳಿ ಇಳಿಸಿದಾಗ ಅದು ಮೇಲೇಳಲೇ ಇಲ್ಲವೆಂಬ ಐತಿಹ್ಯವಿದೆ. ನಂಬುವವರು ನಂಬಲಿ, ಆದರೆ ಗೋಡೆ ಎಬ್ಬಿಸಿದ್ದು ಸೆರೆಯಿಂದ ಬಿಡಿಸಿಕೊಂಡು ಬಂದ ಮನೆತನಗಳ ಕೈಗಳು. ಇಂದಿಗೂ ಕರಾವಳಿಯ ಧರ್ಮಕೇಂದ್ರಗಳ ಬದುಕು ವಾಳೆಗಳೆಂಬ ಮನೆಗುಂಪುಗಳಲ್ಲಿ, ಅವುಗಳ ಮುಂದಾಳುಗಳಾದ ಗುರಿಕಾರರಲ್ಲಿ, ಪಾಲನಾ ಮಂಡಳಿಯಲ್ಲಿ ನಡೆಯುತ್ತದೆ. ಭಾನುವಾರದ ಆರಾಧನೆಯಾದ ಬಲಿಪೂಜೆ ಮುಗಿಯುವ ಹೊತ್ತಿಗೆ ಧರ್ಮಗುರುಗಳು ಒಂದು ಹಾಳೆ ಹಿಡಿದು ಓದುವ ಪ್ರಕಟಣೆಗಳನ್ನು ಕೇಳಬೇಕು: ಯಾರ ಮದುವೆಗೆ ಯಾರ ಆಕ್ಷೇಪವಾದರೂ ಇದೆಯೇ, ಯಾವ ವಾಳೆಯಲ್ಲಿ ಪ್ರಾರ್ಥನಾಕೂಟ, ಮಕ್ಕಳ ಧರ್ಮಶಿಕ್ಷಣ ಎಷ್ಟು ಗಂಟೆಗೆ, ಸ್ಮಶಾನ ಸ್ವಚ್ಛ ಮಾಡಲು ಯಾರು ಬರಬೇಕು. ಪತ್ರಿಕೆಯಲ್ಲಿ ಸುದ್ದಿಯಾಗುವುದು ಜಾತ್ರೆಯ ಜನಸಾಗರ. ಊರಿನ ನಿಜವಾದ ಸುದ್ದಿ ಇರುವುದು ಆ ಹಾಳೆಯಲ್ಲಿ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಜಾತ್ರೆಗೆ ಬಂದ ಎಲ್ಲ ಧರ್ಮದವರೂ ಮೇಣದಬತ್ತಿ ಹಚ್ಚಿ ಹರಕೆ ತೀರಿಸುವಾಗ ಮತಾಂತರದ ಗಾಳ ಇರುವುದಿಲ್ಲವೇ ಎಂಬುದು ಒಂದು. ಕಥೋಲಿಕ ವಿಧಿಯಲ್ಲಿ ಬಲಿಪೂಜೆಯ ಪರಮಪ್ರಸಾದ ದೀಕ್ಷಾಸ್ನಾನ ಪಡೆದ ತಮ್ಮವರಿಗೆ ಮಾತ್ರ; ಆಶೀರ್ವಾದ ಎಲ್ಲರಿಗೂ. ಮನೆಯ ದೇವರನ್ನು ಬಿಡದೆಯೇ ಬಂದು ಹೋಗಲು ಆಗುವಂಥ ಗೆರೆ ಇದು. ಮುದಗಲ್ಲಿನ ಮೊಹರಮ್ಮಿಗೆ ನಡೆದುಕೊಳ್ಳುವ ಇಳಕಲ್ಲು, ಹುನಗುಂದ ಕಡೆಯ ಹಿಂದೂಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಬೇರುಬಿಟ್ಟ ಕಥೋಲಿಕರೂ ಇದ್ದಾರೆ.

ಎರಡನೆಯದು ಹೆಚ್ಚು ತೂಕದ್ದು: 2016ರಲ್ಲಿ ಅತ್ತೂರಿನ ಚರ್ಚಿಗೆ ಪೋಪರಿಂದ ಬಸಿಲಿಕಾ ಎಂಬ ಗೌರವದ ಪದವಿ ಬಂದ ಮೇಲೆ ಯಾತ್ರಿಕರ ಗದ್ದಲದಲ್ಲಿ ಊರಿನ ಚರ್ಚು ಕಳೆದುಹೋಗದೇ? ಆ ಅಪಾಯ ಇದ್ದೇ ಇದೆ. ಆದರೆ ಪದವಿಗೆ ರೋಮ್ ಕೇಳುವ ಅರ್ಹತೆಗಳಲ್ಲಿ ಅಚ್ಚುಕಟ್ಟಾದ ಆರಾಧನೆಯೂ ಸಾಕಷ್ಟು ಧರ್ಮಗುರುಗಳೂ ಸೇರಿದ್ದಾರೆ, ಅಂದರೆ ದಿನದಿನದ ಕೆಲಸವೇ. ಚರ್ಚಿನ ಸೊತ್ತನ್ನು ಒಪ್ಪಿಸೆಂದು ಅಧಿಕಾರಿ ಗದರಿಸಿದಾಗ ಲಾರೆನ್ಸರು ಬಡವರನ್ನು ಕರೆತಂದು ನಿಲ್ಲಿಸಿದರೆಂಬ ಕಥೆ ಇದೆ. ಅವರ ಹೆಸರಿನ ಹುಂಡಿಗೆ ಅದೇ ಒರೆಗಲ್ಲು. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕೆಂದು ಕಥೋಲಿಕ ಸಭೆಯ ಕಾನೂನು ಹೇಳುತ್ತದೆ. ಹರಕೆ ಕೊಡುವವರಲ್ಲಿ ಬೇರೆ ಧರ್ಮದವರೂ ಇರುವಾಗ ಯಾತ್ರಾಸ್ಥಳಗಳು ಜಾತ್ರೆಯ ಜಮಾಖರ್ಚನ್ನೂ ಅದರಲ್ಲಿ ಬಡವರಿಗೆ ಹೋದ ಪಾಲನ್ನೂ ಕನ್ನಡದಲ್ಲಿ ಬರೆದು ಚರ್ಚಿನ ಬಾಗಿಲಲ್ಲಿ ಎಲ್ಲರೂ ಓದುವಂತೆ ಹಚ್ಚಬೇಕು.