ಲಾಳವನ್ನು ನೋಡುವುದೋ, ಗೊರಸನ್ನು ನೋಡುವುದೋ?

ಕನ್ನಡ ಅಧ್ಯಾಪಕನಾದವನಿಗೆ ಕುದುರೆಯ ಲಾಳದ ಗೊಡವೆಯೇಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಹತ್ತು ವರ್ಷಗಳಿಂದ ತರಗತಿಯಲ್ಲಿ ‘ಖುರಪುಟ’ವೆಂಬ ಶಬ್ದವನ್ನು ಬಿಡಿಸಿ, ಅರ್ಥ ಹೇಳಿ, ವಿದ್ಯಾರ್ಥಿಗಳಿಂದ ಬರೆಯಿಸುತ್ತ ಬಂದಿರುವ ನಾನು ಹೋದ ವರ್ಷದವರೆಗೆ ಒಂದು ಗೊರಸನ್ನಾದರೂ ಹತ್ತಿರದಿಂದ ನೋಡಿದವನಲ್ಲ. ಆ ಭಾಗ್ಯ ಒದಗಿದ್ದು ಒಂದು ಜಗಳದಿಂದ.

ಮೈಸೂರಿನಲ್ಲಿ ಟಾಂಗಾಗಳು ಈಗ ವಿರಳವಾಗಿವೆ. ಉಳಿದಿರುವವುಗಳಿಗೆ ಅರಮನೆಯ ಆಸುಪಾಸಿಗೆ ಬರುವ ಪ್ರವಾಸಿಗಳೇ ಆಧಾರ. ಅಂಥ ಟಾಂಗಾದ ಒಡೆಯರೊಬ್ಬರು ನನಗೆ ಬಾಲ್ಯದಿಂದ ಪರಿಚಿತರು. ನಮ್ಮ ಬೀದಿಯ ಆರು ಮಕ್ಕಳನ್ನು ತುಂಬಿಕೊಂಡು ಶಾಲೆಗೆ ಮುಟ್ಟಿಸುತ್ತಿದ್ದವರು ಅವರೇ. ಎಪ್ಪತ್ತು ದಾಟಿರುವ ಆ ಸಾಹೇಬರ ಗಾಡಿಯಲ್ಲಿ ಹೋದ ಚೈತ್ರದ ಒಂದು ಸಂಜೆ ನನ್ನ ಎಂಟು ವರ್ಷದ ಮಗಳನ್ನು ಕೂರಿಸಿಕೊಂಡು ಸುತ್ತಾಡಲು ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು, “ಅಪ್ಪಾ, ಮೂರು ಕಾಲು ಟಕ್ ಅನ್ನುತ್ತೆ, ಒಂದು ಕಾಲು ಮಾತ್ರ ಟಳಕ್ ಅನ್ನುತ್ತೆ,” ಎಂದಳು. ಕಿವಿಗೊಟ್ಟು ಕೇಳಿದೆ. ನಿಜ. ಇಳಿಜಾರಿನಲ್ಲಿ ಕುದುರೆ ಒಮ್ಮೆ ಮುಗ್ಗರಿಸಿತು ಕೂಡ.

ಗಾಡಿ ನಿಂತ ಮೇಲೆ ಬಗ್ಗಿ ನೋಡಿದೆ. ಎಡಮುಂಗಾಲಿನ ಗೊರಸು ಲಾಳದ ಅಂಚನ್ನು ಮೀರಿ ಹೊರಚಾಚಿತ್ತು.

“ಸಾಹೇಬರೇ, ಲಾಳ ಕಟ್ಟಿಸಿ ಎಷ್ಟು ದಿನವಾಯಿತು?”

“ಮೂರು ತಿಂಗಳಾಗಿರಬೇಕು ಮೇಷ್ಟ್ರೇ. ಕಬ್ಬಿಣ ಇನ್ನೂ ಗಟ್ಟಿಯಾಗಿದೆ. ಸವೆದ ಮೇಲೆ ಕಟ್ಟಿಸೋದು. ನಮ್ಮಪ್ಪನ ಕಾಲದಿಂದಲೂ ಹಾಗೇ.”

ಕಬ್ಬಿಣ ಗಟ್ಟಿಯಾಗಿಯೇ ಇತ್ತು. ಅದನ್ನು ನಾನು ಅಲ್ಲಗಳೆಯಲಾರೆ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಅಧ್ಯಾಪಕರಿಗೆ ಸಮಾಧಾನವಾಗದಿದ್ದರೆ ಅವರು ಮಾಡುವ ಕೆಲಸ ಒಂದೇ: ಗ್ರಂಥಭಂಡಾರಕ್ಕೆ ಹೋಗುವುದು.

ಅಲ್ಲಿ ತಿಳಿದುಬಂದ ಸಂಗತಿ ಇಷ್ಟು. ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆಯೇ ಕೆರಾಟಿನ್ ಎಂಬ ದ್ರವ್ಯದಿಂದಾದುದು. ಉಗುರಿನಂತೆಯೇ ಬೆಳೆಯುತ್ತಲೇ ಇರುತ್ತದೆ. ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳವಣಿಗೆ. ರೋಮ ಮುಗಿಯುವೆಡೆಯಲ್ಲಿ ಹುಟ್ಟಿದ ಗೋಡೆ ಮುಂತುದಿಯ ನೆಲ ಮುಟ್ಟಲು 9ರಿಂದ 12 ತಿಂಗಳು ಹಿಡಿಯುತ್ತದೆ. ಬಯಲಲ್ಲಿ ಅಲೆಯುವ ಕುದುರೆಗೆ ಇದರಿಂದ ತೊಂದರೆಯಿಲ್ಲ. ಬೆಳೆದಷ್ಟನ್ನು ನೆಲವೇ ಸವೆಸುತ್ತದೆ. ಲಾಳ ಹೊಡೆದ ಕುದುರೆಯ ಸ್ಥಿತಿ ಬೇರೆ. ಅಲ್ಲಿ ಸವೆಯುವುದು ಕಬ್ಬಿಣ. ಗೊರಸು ಮಾತ್ರ ಸವೆಯದೆ ಬೆಳೆಯುತ್ತ ಹೋಗುತ್ತದೆ. ಮುಂತುದಿ ಉದ್ದವಾದಂತೆ ಲಾಳವೂ ಮುಂದಕ್ಕೆ ಸರಿದು, ಹಿಮ್ಮಡಿಗೆ ಆಸರೆ ತಪ್ಪುತ್ತದೆ. ಕಾಲು ನೆಲಕ್ಕೂರುವ ಕೋನವೇ ಬದಲಾಗಿ, ಕಾಲಿನ ಹಿಂಬದಿಯ ಸ್ನಾಯುರಜ್ಜುಗಳ ಮೇಲೆ ಎಳೆತ ಹೆಚ್ಚುತ್ತದೆ. ಕುದುರೆಯ ಮೈಭಾರದಲ್ಲಿ ನೂರಕ್ಕೆ ಸುಮಾರು ಅರುವತ್ತರಷ್ಟನ್ನು ಹೊರುವುದು ಮುಂಗಾಲುಗಳೇ ಆದ್ದರಿಂದ ಅವುಗಳಿಗೆ ಕಷ್ಟ ಹೆಚ್ಚು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಿಗೊಮ್ಮೆ ಲಾಳ ತೆಗೆದು ಗೊರಸನ್ನು ತರಿಯಬೇಕೆಂಬುದು ಪಶುವೈದ್ಯರ ಅಭಿಮತ.

ಮುಂದಿನ ಭಾನುವಾರ ಈ ವಿದ್ಯೆಯನ್ನೆಲ್ಲ ಹೊತ್ತು ಸಾಹೇಬರ ಮನೆಗೆ ಹೋದೆ. “ತಿಂಗಳಿಗೊಮ್ಮೆ ಹೊಸ ಲಾಳ ಕಟ್ಟಿಸಲೇಬೇಕು,” ಎಂದು ಘೋಷಿಸಿದೆ. ಅವರು ಹುಲ್ಲಿನ ಕಟ್ಟನ್ನು ಕೆಳಗಿಟ್ಟು ಸಾವಧಾನವಾಗಿ ಕೇಳಿದರು.

“ಒಂದು ಲಾಳಕ್ಕೆ ಆರೇಳು ಮೊಳೆ. ತಿಂಗಳಿಗೊಂದು ಸಲ ಹೊಡೆದರೆ ಗೊರಸು ಜರಡಿ ಆಗೋದಿಲ್ವಾ ಮೇಷ್ಟ್ರೇ? ಹಳೇ ತೂತು ಕೆಳಗಿಳಿಯೋದಕ್ಕೆ ಮೊದಲೇ ಪಕ್ಕದಲ್ಲಿ ಇನ್ನೊಂದು ಹೊಡೆದರೆ ಅಂಚು ಪುಡಿಪುಡಿಯಾಗಿ ಉದುರುತ್ತೆ. ಆಮೇಲೆ ಮೊಳೆಗೆ ಜಾಗ ಎಲ್ಲಿ?”

ನಾನು ನಿರುತ್ತರನಾದೆ. ಮೊಳೆಯನ್ನು ನೋವರಿಯದ ಹೊರಗೋಡೆಯೊಳಗೇ ಹೊಡೆಯುತ್ತಾರೆಂಬುದನ್ನು ಓದಿದ್ದೆ; ಆದರೆ ಆ ಗೋಡೆ ಎಷ್ಟು ತೂತುಗಳನ್ನು ತಾಳೀತೆಂದು ಯೋಚಿಸಿರಲಿಲ್ಲ. ಸಾಹೇಬರ ಶಂಕೆಯಂಥದು ವಿದ್ವಾಂಸರಿಗೂ ಬಂದದ್ದುಂಟು. ಲಂಡನ್ನಿನಲ್ಲಿ 1791ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜಿನ ಮೊದಮೊದಲ ವಿದ್ಯಾರ್ಥಿಗಳಲ್ಲೊಬ್ಬನಾದ ಬ್ರೇಸಿ ಕ್ಲಾರ್ಕ್ ಎಂಬಾತ, ಗೊರಸು ಭಾರ ಬಿದ್ದಾಗ ಹಿಗ್ಗುವ ಅಂಗವೆಂದೂ ಮೊಳೆ ಹೊಡೆದು ಬಿಗಿದ ಲಾಳ ಆ ಹಿಗ್ಗುವಿಕೆಯನ್ನು ತಡೆದು ಹಾನಿ ಮಾಡುವುದೆಂದೂ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ವಾದಿಸಿದ್ದ. ಆ ಚರ್ಚೆ ಇಂದಿಗೂ ಮುಗಿದಿಲ್ಲ. ಸಾಹೇಬರು ಕ್ಲಾರ್ಕನ ಹೆಸರನ್ನು ಕೇಳಿದವರಲ್ಲ. ಐವತ್ತು ವರ್ಷ ಕುದುರೆಯ ಕಾಲಬಳಿ ಕುಳಿತು ಕಂಡದ್ದನ್ನು ಹೇಳಿದ್ದರು.

ಹೀಗೆ ಇಬ್ಬರೂ ಪಟ್ಟು ಹಿಡಿದಾಗ ಮೂರನೆಯವರ ತೀರ್ಪು ಬೇಕಾಯಿತು. ಊರಿನ ಇನ್ನೊಂದು ತುದಿಯಲ್ಲಿದ್ದ, ಲಾಳ ಕಟ್ಟುವ ವೃದ್ಧರೊಬ್ಬರನ್ನು ಕರೆಸಿದೆವು.

ಅವರು ನಮ್ಮ ವಾದವನ್ನು ಕೇಳಲೇ ಇಲ್ಲ. ಕುದುರೆಯ ಕತ್ತು ಸವರಿ, ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡರು. ಮೊಳೆಯ ತುದಿ ಗೋಡೆಯಿಂದ ಹೊರಬಂದು ಮಡಚಿಕೊಂಡಿರುವ ಸ್ಥಳದಲ್ಲಿ ಬೆರಳಾಡಿಸಿದರು. “ಇಲ್ಲಿ ಮುಟ್ಟಿ ನೋಡಿ,” ಎಂದರು. ಮಡಿಕೆಗಳೆದ್ದು ಬೆರಳಿಗೆ ಚುಚ್ಚುತ್ತಿದ್ದುವು. ಲಾಳ ಸಡಿಲವಾಗಿತ್ತು, ನನ್ನ ಮಗಳು ಕೇಳಿದ ‘ಟಳಕ್’ ಅದೇ. ಲಾಳದ ಹಿಂತುದಿ ಹಿಮ್ಮಡಿಯನ್ನು ಬಿಟ್ಟು ಬಹಳ ಮುಂದೆ ಸರಿದಿತ್ತು.

“ಇವರು ಕಬ್ಬಿಣ ನೋಡ್ತಾರೆ, ನೀವು ಕ್ಯಾಲೆಂಡರ್ ನೋಡ್ತೀರಿ. ಕಾಲನ್ನ ಯಾರೂ ನೋಡಲಿಲ್ಲ,” ಎಂದರು ಆ ವೃದ್ಧರು.

ಲಾಳವನ್ನು ಕಿತ್ತು, ಬೆಳೆದ ಗೊರಸನ್ನು ಬೆರಳಗಲ ತರಿದು, ಅರದಿಂದ ಸಮಮಾಡಿದರು. ತರಿದ ಚೂರುಗಳಲ್ಲಿ ಹಳೆಯ ಮೊಳೆತೂತುಗಳೂ ಹೋದುವು. ಆಮೇಲೆ ಅದೇ ಹಳೆಯ ಲಾಳವನ್ನು ತಟ್ಟಿ ಸರಿಪಡಿಸಿ, ಹೊಸ ಮೊಳೆಗಳಿಂದ ಮತ್ತೆ ಹೊಡೆದರು. ಕಬ್ಬಿಣ ಸವೆದಿಲ್ಲವೆಂಬ ಸಾಹೇಬರ ಮಾತೂ ನಿಂತಿತು. ಕಾಲ ಮೀರಿದೆಯೆಂಬ ನನ್ನ ಮಾತೂ ನಿಂತಿತು. ತಪ್ಪಿದ್ದು ಇಬ್ಬರ ಅಳತೆಗೋಲು. ತೀರ ಬೇಗ ಕಟ್ಟಿದರೆ ತೂತುಗಳು ಕೆಳಗಿಳಿದಿರುವುದಿಲ್ಲ; ತೀರ ತಡಮಾಡಿದರೆ ಕಾಲಿನ ನಿಲುವೇ ಕೆಡುತ್ತದೆ. ಈ ಕುದುರೆಗೆ ಐದಾರು ವಾರ ಸರಿ ಎಂದರು ವೃದ್ಧರು. ಇನ್ನೊಂದಕ್ಕೆ ಬೇರೆ ಲೆಕ್ಕವಂತೆ.

ಅವರ ಕೈಚಳಕವನ್ನು ನೋಡುತ್ತಿದ್ದಾಗ ಮಾರ್ಕೊ ಪೋಲೊ ನೆನಪಾದ. ಹದಿಮೂರನೆಯ ಶತಮಾನದಲ್ಲಿ ಪೂರ್ವತೀರದ ಮಾಬಾರ್ ದೇಶವನ್ನು ಕಂಡ ಆತ, ಅಲ್ಲಿಯ ರಾಜರು ವಿಪುಲವಾಗಿ ಹಣ ಸುರಿದು ಕಡಲಾಚೆಯಿಂದ ಕುದುರೆಗಳನ್ನು ತರಿಸುತ್ತಿದ್ದರೆಂದೂ, ಕುದುರೆಯ ಆರೈಕೆ ಬಲ್ಲವರಿಲ್ಲದೆ ಅವು ಸಾಯುತ್ತಿದ್ದುವೆಂದೂ ಬರೆದಿದ್ದಾನೆ. ಮತ್ತೆ ಮತ್ತೆ ಕುದುರೆ ಮಾರಾಟವಾಗಲೆಂದು ವರ್ತಕರು ಅಂಥ ಕುಶಲಿಗಳನ್ನು ಅಲ್ಲಿಗೆ ಹೋಗಗೊಡುತ್ತಿರಲಿಲ್ಲವಂತೆ.

ವೃದ್ಧರು ಹೋದ ಮೇಲೆ ಸಾಹೇಬರು ಮೆಲ್ಲಗೆ ಹೇಳಿದರು: “ನನಗೆ ಗೊತ್ತಿರಲಿಲ್ಲ ಅಂತಲ್ಲ ಮೇಷ್ಟ್ರೇ. ಮೊದಲು ಟಾಂಗಾ ನಿಲ್ಲೋ ಜಾಗದಲ್ಲೇ ಕೂತು ಲಾಳ ಕಟ್ಟೋರು. ಈಗ ಇವರನ್ನ ಹುಡುಕಿ ಕರೆಸಬೇಕು, ಕೂಲಿ ಕೊಡಬೇಕು, ಅರ್ಧ ದಿನ ಗಾಡಿ ಕಟ್ಟೋ ಹಾಗಿಲ್ಲ. ಸವಾರಿ ಇಲ್ಲದ ತಿಂಗಳಲ್ಲಿ ಮೇವಿಗೆ ಕೊಡಲೋ, ಲಾಳಕ್ಕೆ ಕೊಡಲೋ?”

ಆವರೆಗೆ ನಾನು ಗೊರಸಿನ ಬೆಳವಣಿಗೆಯ ಲೆಕ್ಕ ಹಾಕಿದ್ದೆನೇ ಹೊರತು, ಸಾಹೇಬರ ಮನೆಯ ಲೆಕ್ಕ ನನಗೆ ಹೊಳೆದಿರಲಿಲ್ಲ. ಲಾಳದ ಕೂಲಿಯನ್ನು ನಾನೇ ಕೊಡುತ್ತೇನೆಂದೆ. ಅವರ ಮುಖ ಬಿಗಿದುಕೊಂಡಿತು. “ನನ್ನ ಕುದುರೆಯ ಕಾಲಿಗೆ ನೀವ್ಯಾಕೆ ದುಡ್ಡು ಕೊಡಬೇಕು? ಮಗಳನ್ನ ಕರ್ಕೊಂಡು ಬನ್ನಿ. ಸವಾರಿ ಮಾಡಿ, ಬಾಡಿಗೆ ಕೊಡಿ.”

ಅಂದಿನಿಂದ ಭಾನುವಾರದ ಸಂಜೆಗಳಲ್ಲಿ ನಮ್ಮ ಮನೆಯವರಿಗೆ ಟಾಂಗಾ ಸವಾರಿ. ಆ ಬಾಡಿಗೆಯ ಒಂದಂಶವನ್ನು ಸಾಹೇಬರು ತಗಡಿನ ಡಬ್ಬಿಯೊಂದರಲ್ಲಿ ಬೇರೆಯಾಗಿಡುತ್ತಾರೆ. ಗಾಡಿ ಹತ್ತುವುದಕ್ಕೆ ಮುನ್ನ ಮಗಳು ಮೊಳೆಯ ಮಡಿಕೆಗಳನ್ನು ಮುಟ್ಟಿ ನೋಡುತ್ತಾಳೆ. ಕುದುರೆ ಕಾಲು ಕದಲಿಸದೆ ನಿಲ್ಲುತ್ತದೆ. ವಿವಾದ ಮುಗಿಯಿತೇ ಎಂದರೆ, ಇಲ್ಲ. ನಾನು ಐದು ವಾರವೆನ್ನುತ್ತೇನೆ, ಸಾಹೇಬರು ಆರು ಎನ್ನುತ್ತಾರೆ. ಮೂರು ತಿಂಗಳಿಗೂ ಒಂದು ತಿಂಗಳಿಗೂ ನಡುವೆ ಇದ್ದ ಜಗಳ ಈಗ ಒಂದು ವಾರಕ್ಕೆ ಇಳಿದಿದೆ. ಅಷ್ಟನ್ನು ಕುದುರೆಯೂ ಸಹಿಸಿಕೊಂಡಿದೆ.