ಬಿಡುವಿನ ವೇಳೆಯೂ ಒಂದು ಶಾಸ್ತ್ರ. ಅಧ್ಯಾಪಕರಾಗಲು ಮಾತ್ರ ಬಳಸು ದಾರಿ

ಮೈಸೂರು: ಎಚ್.ಡಿ. ಕೋಟೆಯ ಕಬಿನಿ ಹಿನ್ನೀರು, ಹುಣಸೂರಿನ ವೀರನಹೊಸಹಳ್ಳಿಯ ಸಫಾರಿ ದ್ವಾರ, ಪಿರಿಯಾಪಟ್ಟಣದ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ಕೆ.ಆರ್. ನಗರ ಭಾಗದ ಚುಂಚನಕಟ್ಟೆ ಜಲಪಾತ. ಜಿಲ್ಲೆಯ ಪಶ್ಚಿಮ ಭಾಗದ ಈ ತಾಲ್ಲೂಕುಗಳಲ್ಲಿ ನಗರವಾಸಿಗಳ ಬಿಡುವಿನ ವೇಳೆಯೇ ಹಲವರ ಜೀವನೋಪಾಯ. ಆದರೆ ಈ ಬಿಡುವನ್ನು ಯೋಜಿಸುವುದು, ಅದನ್ನೇ ಔಷಧದಂತೆ ಬಳಸುವುದು ಒಂದು ಅಧ್ಯಯನ ಶಿಸ್ತು ಎಂಬ ಮಾತು ಇಲ್ಲಿನ ಪದವಿ ಕಾಲೇಜುಗಳಲ್ಲಿ ಕಿವಿಗೆ ಬೀಳುವುದು ಅಪರೂಪ.

ಈ ಶಿಸ್ತಿಗೆ ಎರಡು ಕವಲುಗಳಿವೆ. ಮೊದಲನೆಯದು ಮನರಂಜನಾ ನಿರ್ವಹಣೆ. ಒಂದು ಉದ್ಯಾನ, ಕೆರೆ ಅಥವಾ ಕಾಡಿಗೆ ಎಷ್ಟು ಜನ, ಯಾವ ಹೊತ್ತಿನಲ್ಲಿ ಬರಬಹುದು, ಅದರ ಲಾಭ ಯಾರಿಗೆ, ಹೊರೆ ಯಾರಿಗೆ ಎಂಬ ಪ್ರಶ್ನೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಎರಡನೆಯದು ಚಿಕಿತ್ಸಕ ಮನರಂಜನೆ. ರೋಗಿಗೆ ಹೊತ್ತು ಹೋಗಲೆಂದು ಚೌಕಾಬಾರ ಆಡಿಸುವುದು ಬೇರೆ. ಪಾರ್ಶ್ವವಾಯುವಿನಿಂದ ಸ್ವಾಧೀನ ತಪ್ಪಿದ ಬೆರಳುಗಳು ಮತ್ತೆ ಕವಡೆ ಹಿಡಿಯಲೆಂದು ಗುರಿ ನಿಗದಿಪಡಿಸಿ, ಪ್ರಗತಿಯನ್ನು ದಾಖಲಿಸುತ್ತ ಅದೇ ಚೌಕಾಬಾರ ಆಡಿಸುವುದು ಬೇರೆ. ಎರಡನೆಯದಷ್ಟೇ ಚಿಕಿತ್ಸೆ. ತೋಟಗಾರಿಕೆ, ಸಂಗೀತ, ನಡಿಗೆ, ನಾಟಕ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಅಮೆರಿಕದಲ್ಲಿ ಈ ವೃತ್ತಿಗೆ ಪ್ರಮಾಣಪತ್ರ ನೀಡುವ ರಾಷ್ಟ್ರೀಯ ಮಂಡಳಿ 1981ರಲ್ಲೇ ಸ್ಥಾಪನೆಯಾಯಿತು. ಪದವಿಯ ಜೊತೆಗೆ ಕನಿಷ್ಠ 560 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಅದು ಬಯಸುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ವಿಭಾಗವಿದ್ದು, ಪಿಎಚ್‌.ಡಿ.ವರೆಗೆ ಓದಬಹುದು.

ಭಾರತದ ಸ್ಥಿತಿ ವಿಚಿತ್ರವಾಗಿದೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಕಲೆ ಹಾಗೂ ನೃತ್ಯ ಚಿಕಿತ್ಸಕರ ಸಾಲಿನಲ್ಲಿ ಮನರಂಜನಾ ಚಿಕಿತ್ಸಕರ ಹೆಸರೂ ಸೇರಿದೆ. ಅಂದರೆ ವೃತ್ತಿಯನ್ನು ಕಾನೂನು ಗುರುತಿಸಿದೆ. ಅದನ್ನು ಕಲಿಸುವವರನ್ನು ಗುರುತಿಸುವ ವ್ಯವಸ್ಥೆ ಮಾತ್ರ ಇಲ್ಲ. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಗಾಗಿ ನಡೆಯುವ ಯುಜಿಸಿ ನೆಟ್ ಪರೀಕ್ಷೆಯ ವಿಷಯಪಟ್ಟಿಯಲ್ಲಿ ದೈಹಿಕ ಶಿಕ್ಷಣ, ಪ್ರವಾಸೋದ್ಯಮ, ಸಮಾಜಕಾರ್ಯ, ಮನಃಶಾಸ್ತ್ರಗಳಿವೆ. ಮನರಂಜನೆ ಎಂಬ ಪ್ರತ್ಯೇಕ ವಿಷಯವಿಲ್ಲ.

ಹೀಗಾಗಿ ಅಧ್ಯಾಪನದ ಆಸೆ ಹೊತ್ತವರು ನೆರೆಯ ಶಿಸ್ತೊಂದರ ಬಾಗಿಲಿನಿಂದಲೇ ಒಳಹೊಗಬೇಕು. ಮಾನಸಗಂಗೋತ್ರಿಯ ದೈಹಿಕ ಶಿಕ್ಷಣ ವಿಭಾಗ ಹತ್ತಿರದ ಬಾಗಿಲು. ಚಿಕಿತ್ಸೆಯತ್ತ ಒಲವಿದ್ದವರಿಗೆ ಮಣಿಪಾಲದ ಆಕ್ಯುಪೇಷನಲ್ ಥೆರಪಿ ಪದವಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಉನ್ನತ ವ್ಯಾಸಂಗಗಳಿವೆ. ಮಾನಸಿಕ ರೋಗಿಗಳ ಪುನರ್ವಸತಿಗಾಗಿ ನಿಮ್ಹಾನ್ಸ್ ಬೇಕರಿಯನ್ನೂ ನಡೆಸಿದೆ. ಸಂಶೋಧನಾ ಪ್ರಬಂಧದ ವಿಷಯವನ್ನು ಮನರಂಜನೆಯ ಸುತ್ತ ಆರಿಸಿಕೊಳ್ಳುವುದು ಅಭ್ಯರ್ಥಿಗೆ ಬಿಟ್ಟದ್ದು.

ವಿಷಯಕ್ಕಂತೂ ಈ ತಾಲ್ಲೂಕುಗಳಲ್ಲಿ ಬರವಿಲ್ಲ. ನಾಗರಹೊಳೆಯ ಮೂರ್ಕಲ್‌ನಲ್ಲಿ ಖಾಸಗಿ ಹೋಟೆಲ್ ಕಂಪನಿಯೊಂದು ರೆಸಾರ್ಟ್ ಕಟ್ಟಲು ಹೊರಟಾಗ ಆದಿವಾಸಿಗಳು ಪ್ರತಿಭಟಿಸಿದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆಯನ್ನು ಕಾನೂನುಬಾಹಿರ ಎಂದಿತು. ಒಬ್ಬರ ವಿಹಾರತಾಣ ಇನ್ನೊಬ್ಬರ ಹಾಡಿ ಎಂಬ ಸರಳ ಸತ್ಯ ಅಂದು ನ್ಯಾಯಾಲಯದವರೆಗೆ ಹೋಗಬೇಕಾಯಿತು. ಮುಂದೆ 2025ರ ನವೆಂಬರ್‌ನಲ್ಲಿ, ಸರಗೂರು ಭಾಗದಲ್ಲಿ ಹುಲಿ ದಾಳಿಯಿಂದ ಸಾವುಗಳು ಸಂಭವಿಸಿದ ಬೆನ್ನಲ್ಲೇ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ಸರ್ಕಾರ ಸ್ಥಗಿತಗೊಳಿಸಿತು. ಕಾಡು ಎಷ್ಟು ವಾಹನಗಳನ್ನು ತಾಳಬಲ್ಲದು ಎಂಬ ಚರ್ಚೆ ಆಗ ಮತ್ತೆ ಮೇಲೆದ್ದಿತು. ಅದು ಮನರಂಜನಾ ನಿರ್ವಹಣೆಯ ಮೊದಲ ಪಾಠ.

ಚಿಕಿತ್ಸಕ ಕವಲಿಗೂ ಇಲ್ಲಿ ಕೆಲಸವಿದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಹುಟ್ಟುಹಾಕಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿದೆ. ಜೇನುಕುರುಬರ ಹಾಡಿಯಿಂದ ಬಂದ ರೋಗಿಗೆ ವಿದೇಶಿ ಪಠ್ಯಪುಸ್ತಕದ ಆಟಗಳು ಎಷ್ಟು ಒಗ್ಗುತ್ತವೆ? ಹಾಡಿಯ ಹಾಡು, ಕುಣಿತಗಳನ್ನೇ ಚಿಕಿತ್ಸೆಗೆ ಅಳವಡಿಸಲಾದೀತೆ? ಇದಕ್ಕೆ ಉತ್ತರ ಹುಡುಕಲು ಆ ಭಾಷೆ ಬಲ್ಲ, ಆ ಊರಿನದೇ ಸಂಶೋಧಕರು ಬೇಕು.

ಒಂದು ಎಚ್ಚರಿಕೆಯ ಮಾತು. ಥೆರಪಿಯ ಹೆಸರಿನಲ್ಲಿ ಕೆಲವೇ ವಾರಗಳ ಪ್ರಮಾಣಪತ್ರ ನೀಡುವ ಕೋರ್ಸ್‌ಗಳೂ ಉಂಟು. ಆರೋಗ್ಯ ವೃತ್ತಿಪರರೆನಿಸಲು 2021ರ ಕಾಯ್ದೆ ಕೇಳುವುದು ಕನಿಷ್ಠ 3,600 ಗಂಟೆಗಳ ಪದವಿಯನ್ನು. ಶುಲ್ಕ ಕಟ್ಟುವ ಮುನ್ನ ಕೋರ್ಸ್‌ನ ಅವಧಿ ಎಷ್ಟು, ಆಯೋಗದ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು.