ರಂಗಗೀತೆ: ಹಳೆಯ ಮಟ್ಟು, ಹೊಸ ಹಾಡು

ಒಂದು ಕಾಲಕ್ಕೆ ದಾವಣಗೆರೆಯ ನೆರೆಹಳ್ಳಿಯಾಗಿದ್ದ ನಮ್ಮ ಶಾಮನೂರು ಈಗ ನಗರದೊಳಗೆ ಸೇರಿಹೋಗಿರುವುದು. ಆದರೂ ಹಿರಿಯರು ಜಗುಲಿಯ ಮೇಲೆ ಕುಳಿತರೆ ಕಂಪನಿ ನಾಟಕದ ಮಾತು ಬಾರದಿರದು. 1928ರಲ್ಲಿ ಚಿಂದೋಡಿ ವೀರಪ್ಪನವರು ಕಟ್ಟಿದ ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿಯು ಈ ಸೀಮೆಯದೇ ಅಲ್ಲವೆ? ಮಾತು ಕೊನೆಗೆ ಒಂದೇ ಜಗಳಕ್ಕೆ ಬಂದು ನಿಲ್ಲುವುದು: ಆ ಹಾಡುಗಳಿಗೆ ಹೊಸ ಸಂಗೀತವನ್ನು ಕೂಡಿಸಬಹುದೇ, ಕೂಡದೇ?

ಕೂಡದೆನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅವರು ಹಳೆಯದೆಂದು ಕೊಂಡಾಡುವುದೂ ಒಮ್ಮೆ ಹೊಸದೇ ಆಗಿದ್ದಿತು. ಹಾರ್ಮೋನಿಯಂ ಯೂರೋಪಿನಿಂದ ಬಂದ ವಾದ್ಯ. ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಶಾಕುಂತಲವನ್ನು ಮರಾಠಿಯಲ್ಲಿ ಸಂಗೀತ ನಾಟಕವಾಗಿ ಆಡಿಸಿದ ಮೇಲೆ ಅಲ್ಲಿಯ ಮಟ್ಟುಗಳು ಕನ್ನಡ ಕಂಪನಿಗಳಿಗೂ ಹರಿದುಬಂದವು. ತೆಂಕಣಿಂದ ಮೈಸೂರಿನ ಕರ್ಣಾಟಕ ಸಂಗೀತ, ಬಡಗಣಿಂದ ಧಾರವಾಡದ ಹಿಂದುಸ್ತಾನಿ. ನಡುವೆ ನಮ್ಮ ದಾವಣಗೆರೆ.

ಬೆರಸುವ ಕೆಲಸವನ್ನು ಬಲ್ಲವರು ಬಿ. ವಿ. ಕಾರಂತರು. ಬಾಲ್ಯದಲ್ಲಿಯೇ ಗುಬ್ಬಿ ಕಂಪನಿಯನ್ನು ಸೇರಿದ ಈ ಮಹನೀಯರನ್ನು ಗುಬ್ಬಿ ವೀರಣ್ಣನವರೇ ಕಾಶಿಗೆ ಓದಲು ಕಳುಹಿಸಿದರು. ಶ್ರೀರಂಗರ 'ಸತ್ತವರ ನೆರಳು' ನಾಟಕಕ್ಕೆ ಅವರು ಪುರಂದರದಾಸರ ಪದಗಳನ್ನು ತಂದರು. ಕೇಳಿದ ಪದವೇ, ಆದರೆ ಮಠದ ಒಳಜಗಳವನ್ನು ತೋರುವ ಆ ಕಥೆಯ ಪಕ್ಕದಲ್ಲಿ ಅದರ ಅರ್ಥ ಬೇರೆಯಾಗಿ ಕಿವಿಗೆ ಬೀಳುವುದು. ಹೊಸತನವು ವಾದ್ಯಗಳ ಸಂಖ್ಯೆಯಲ್ಲಿಲ್ಲ, ಪದವನ್ನು ಇರಿಸಿದ ಜಾಗದಲ್ಲಿದೆಯೆಂದು ನಮಗೆ ತೋರುತ್ತದೆ. ದೂರದ ಚೀನದ ಪೇಕಿಂಗ್ ಗೀತನಾಟಕದಲ್ಲಿಯೂ ಶಿಪಿ, ಅರ್‌ಹ್ವಾಂಗ್ ಎಂಬ ಎರಡು ಧಾಟಿಗಳೇ ಮುಖ್ಯ. ಸನ್ನಿವೇಶಕ್ಕೆ ತಕ್ಕಂತೆ ಲಯವನ್ನು ಹಿಗ್ಗಿಸಿ ಕುಗ್ಗಿಸಿ ಅವುಗಳಿಂದಲೇ ಬೇರೆ ಬೇರೆ ಹಾಡುಗಳನ್ನು ಕಟ್ಟುತ್ತಾರೆ.

ನಮಗಿರುವ ಕಳವಳವೇ ಬೇರೆ. ಕಂಪನಿಗಳ ಹಾಡಿನ ಪುಸ್ತಕವನ್ನು ತೆರೆದು ನೋಡಿರಿ. ಸಾಹಿತ್ಯದ ಮೇಲೆ ರಾಗತಾಳಗಳ ಹೆಸರು, ಇಲ್ಲವೇ ಇಂತಹ ಹಾಡಿನ ಮಟ್ಟು ಎಂಬ ಸೂಚನೆ, ಅಷ್ಟೇ. ಸ್ವರಲಿಪಿ ಅಪರೂಪ. ಆ ಮೂಲದ ಹಾಡೇ ಮರೆತುಹೋದರೆ ಮಟ್ಟೆಲ್ಲಿ? ಪೇಟಿ ಮಾಸ್ತರರ ಕೈಯಲ್ಲಿದ್ದುದು ಅವರೊಡನೆಯೇ ಹೋಯಿತು. ಬೆರಸುವುದಕ್ಕೆ ಮೊದಲು ಹಳೆಯದು ಇರಬೇಕಷ್ಟೆ!

ಮನೆಯಲ್ಲಿ ಕಂಪನಿಯ ಹಾಡು ಬಲ್ಲ ಅಜ್ಜಿ ತಾತಂದಿರಿದ್ದರೆ, ಊಟವಾದ ಬಳಿಕ ಒಂದನ್ನು ಹಾಡಿಸಿ ಫೋನಿನಲ್ಲಿ ಹಿಡಿದಿಡಿರಿ. ಯಾವ ನಾಟಕ, ಯಾವ ಪಾತ್ರವೆಂಬುದನ್ನೂ ಕೇಳಿ ಬರೆದುಕೊಳ್ಳಿರಿ. ಶ್ರುತಿ ತಪ್ಪಿದರೆ ಚಿಂತೆಯಿಲ್ಲ.